ಮದುವೆಯಾಗದ ತಂದೆಗೆ ಮಗುವಿನ ಮೇಲೆ ಹಕ್ಕಿದೆಯೇ?

ಪ್ರಶ್ನೆ: ನಾನು ಸಿದ್ದಾಪುರದ ಬಳಿಯ ಕಾಫಿ ತೋಟವೊಂದರಲ್ಲಿ ರೈಟರ್ (ಲೆಕ್ಕ ಬರೆಯುವವ) ಆಗಿದ್ದೇನೆ. ಅದೇ ತೋಟದಲ್ಲಿ ಕೆಲಸಕ್ಕಿದ್ದ ಯುವತಿಯೊಂದಿಗೆ, ಮದುವೆಯಾಗದೆ, ನಾಲ್ಕು ವರ್ಷ ಸಂಸಾರ ಮಾಡಿದೆ. ಮೂರು ವರ್ಷದ ಮಗಳಿದ್ದಾಳೆ. ಮನಸ್ತಾಪವಾಗಿ ಆಕೆ ಮಗುವನ್ನು ಕರೆದುಕೊಂಡು ಪಿರಿಯಾಪಟ್ಟಣದ ತವರಿಗೆ ಹೋಗಿ ಎಂಟು ತಿಂಗಳಾಯಿತು. ಖರ್ಚಿಗೆಂದು ಆಕೆಯ ಅಣ್ಣನ ಕೈಗೆ ಹಣ ಕೊಡುತ್ತಿದ್ದೇನೆ. ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿನ ಜಾಗ ಖಾಲಿಯಿದೆ. ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಮಗು ನನಗೆ ಸಿಗುತ್ತದೆಯೇ? ನಾವಿಬ್ಬರೂ ಹಿಂದೂಗಳು.
– ಹೆಸರು ಬೇಡ, ಕೊಡಗು

ಉತ್ತರ: ನೀವು ಒಂದೆಂದು ಭಾವಿಸಿ ಕೇಳಿರುವುದು ಎರಡು ಪ್ರಶ್ನೆ. ನೀವೇ ತಂದೆಯೆಂದು ಸಾಬೀತಾಗುವುದು ಬೇರೆ, ಮಗು ಯಾರ ಬಳಿ ಬೆಳೆಯಬೇಕೆಂಬುದು ಬೇರೆ. 1956ರ ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವ ಕಾಯ್ದೆಯ 6ನೇ ಕಲಮಿನ ಪ್ರಕಾರ ಮದುವೆಯಾಗದವರ ಮಗುವಿಗೆ ತಾಯಿಯೇ ಮೊದಲ ಸಹಜ ಪಾಲಕಿ (ಕೋರ್ಟ್ ನೇಮಿಸದೆಯೂ ಕಾನೂನು ಒಪ್ಪುವ ಪಾಲಕಿ), ತಂದೆಯ ಸರದಿ ಆಕೆಯ ನಂತರ. ಅವಿವಾಹಿತ ತಾಯಿಯು ಪಾಲಕತ್ವ ಕೋರಿ ಅರ್ಜಿ ಹಾಕುವಾಗ ತಂದೆಗೆ ನೋಟಿಸ್ ಕೊಡುವುದು ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಆದ್ದರಿಂದ ಸುಮ್ಮನೆ ಕಾಯುತ್ತ ಕೂರುವುದು ನಿಮಗೆ ಒಳ್ಳೆಯದಲ್ಲ.

ಡಿಎನ್‌ಎ ವಿಚಾರಕ್ಕೆ ಬರೋಣ. ಕೇಳಿದವರಿಗೆಲ್ಲ ಈ ಪರೀಕ್ಷೆಗೆ ಆದೇಶಿಸುವಂತಿಲ್ಲ, ರಕ್ತದ ಮಾದರಿ ಕೊಡುವಂತೆ ಯಾರನ್ನೂ ಬಲವಂತಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ತೀರ್ಪಿತ್ತಿದೆ. ನೀವು ತಂದೆಯೆಂಬುದನ್ನು ಆಕೆ ಅಲ್ಲಗಳೆಯದಿದ್ದರೆ ಅದರ ಅಗತ್ಯವೂ ಇಲ್ಲ. ಮಗುವಿನ ಕೂದಲನ್ನೋ ಉಗುರನ್ನೋ ಗುಟ್ಟಾಗಿ ಖಾಸಗಿ ಲ್ಯಾಬಿಗೆ ಕಳಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ. ನ್ಯಾಯಾಧೀಶರ ಮುಂದೆ ಅದು ನಿಮ್ಮ ಮೇಲಿನ ವಿಶ್ವಾಸವನ್ನೇ ಕೆಡಿಸೀತು. ಹೆರಿಗೆಯ ಕಾಲಕ್ಕೆ ಆಕೆಗೆ ಬೇರೊಬ್ಬರೊಂದಿಗೆ ಆದ ಮದುವೆ ಊರ್ಜಿತದಲ್ಲಿತ್ತೇ ಎಂಬುದನ್ನು ನೀವು ಬರೆದಿಲ್ಲ. ಇದ್ದಿದ್ದರೆ, ಗಂಡ ಹೆಂಡಿರು ಸೇರುವ ಅವಕಾಶವೇ ಇರಲಿಲ್ಲವೆಂದು ರುಜುವಾತಾಗದ ಹೊರತು, ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಮು ಆ ಗಂಡನನ್ನೇ ತಂದೆಯೆಂದು ಪರಿಗಣಿಸುತ್ತದೆ.

ನಿಮ್ಮ ಕೈಯಲ್ಲಿರುವ ಕಾಗದಗಳನ್ನು ಮೊದಲು ಹುಡುಕಿ ತೆಗೆಯಿರಿ. ಗರ್ಭಿಣಿಗೆ ಕೊಡುವ ತಾಯಿ ಕಾರ್ಡಿನಲ್ಲಿ ಗಂಡನ ಹೆಸರಿನ ಜಾಗದಲ್ಲಿ ಏನು ಬರೆದಿದೆ, ಹೆರಿಗೆಗೆ ಸೇರಿಸುವಾಗ ಆಸ್ಪತ್ರೆಯ ಒಪ್ಪಿಗೆ ಪತ್ರಕ್ಕೆ ಯಾರು ಸಹಿ ಹಾಕಿದರು, ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ನೀವು ಮೂವರೂ ಒಟ್ಟಿಗಿದ್ದುದನ್ನು ಕಂಡ ನೆರೆಯವರು ಯಾರು ಎಂಬಂಥ ಸಣ್ಣ ಸಂಗತಿಗಳೇ ಇಂಥ ಪ್ರಕರಣಗಳಲ್ಲಿ ತೂಕ ಪಡೆಯುತ್ತವೆ. ಆಕೆ ಒಪ್ಪಿದರೆ ಇಬ್ಬರೂ ಅಫಿಡವಿಟ್ ಮಾಡಿಸಿ, ಜನನ ಪ್ರಮಾಣಪತ್ರದಲ್ಲಿ ನಿಮ್ಮ ಹೆಸರು ಸೇರಿಸುವಂತೆ ಜನನ ದಾಖಲಾದ ಕಚೇರಿಯ ನೋಂದಣಾಧಿಕಾರಿಗೆ ಜಂಟಿಯಾಗಿ ಅರ್ಜಿ ಕೊಡಿ. ಒಪ್ಪದಿದ್ದರೆ, ನೀವು ತಂದೆಯೆಂದು ನ್ಯಾಯಾಲಯದಿಂದ ಘೋಷಣೆ ಪಡೆಯಬೇಕಾಗುತ್ತದೆ.

ಮಗುವನ್ನು ನೋಡುವ ಹಕ್ಕಿಗಾಗಿ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿ ಅರ್ಜಿ ಹಾಕಬಹುದು. ಅಲ್ಲಿ ತಂದೆಯ ಹಟಕ್ಕಿಂತ, ತಾಯಿಯ ಹಟಕ್ಕಿಂತಲೂ, ಮಗುವಿನ ಹಿತವೇ ಮುಖ್ಯ. ಮಗು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಾಲಯಕ್ಕೇ ಹೋಗಬೇಕಾದ್ದರಿಂದ, ನಿಮ್ಮ ಅರ್ಜಿ ಮೈಸೂರು ಜಿಲ್ಲೆಯಲ್ಲಿ ದಾಖಲಾಗಬೇಕು. ವಿರಾಜಪೇಟೆಯಲ್ಲೋ ಮಡಿಕೇರಿಯಲ್ಲೋ ಹಾಕಿ, ವರ್ಷ ಕಳೆದ ಮೇಲೆ ವ್ಯಾಪ್ತಿಯಿಲ್ಲವೆಂದು ವಾಪಸು ಪಡೆಯುವ ಪಾಡು ಬೇಡ. ಮೂರು ವರ್ಷದ ಹೆಣ್ಣುಮಗುವನ್ನು ಪೂರ್ತಿ ನಿಮ್ಮ ವಶಕ್ಕೆ ಕೇಳುವುದಕ್ಕಿಂತ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಭೇಟಿಗೆ ಅವಕಾಶ ಕೇಳುವುದು ವಿವೇಕವೆಂದು ನನ್ನ ಅಭಿಪ್ರಾಯ. ಅದಕ್ಕೂ ಮೊದಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಧ್ಯಸ್ಥಿಕೆ ಕೋರಿ. ಮಹಿಳೆಯಾದ್ದರಿಂದ ಆಕೆಗೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ.

ನೀವು ಕೇಳದ ಒಂದು ಮಾತೂ ಇದೆ. ಜನನ ಪ್ರಮಾಣಪತ್ರದಲ್ಲಿ ಹೆಸರು ಸೇರಿದ ಮಾತ್ರಕ್ಕೆ ಮಗಳು ನಿಮ್ಮ ವಾರಸುದಾರಳಾಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ ಇಂಥ ಮಗುವನ್ನು ತಾಯಿಯ ಸಂಬಂಧಿಯೆಂದಷ್ಟೇ ಕಾಣುತ್ತದೆ. ನಿಮ್ಮ ಸ್ವಯಾರ್ಜಿತ ಆಸ್ತಿ ಅವಳಿಗೆ ಸೇರಬೇಕಾದರೆ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಉಯಿಲು ಬರೆದಿಡಿ. ಜೀವನಾಂಶದ ಹೊಣೆಯಾದರೋ, ಮಗುವನ್ನು ನೋಡಲು ಬಿಟ್ಟರೂ ಬಿಡದಿದ್ದರೂ, ನಿಮ್ಮದೇ. ಅಣ್ಣನ ಕೈಗೆ ಕೊಟ್ಟ ಹಣಕ್ಕೆ ದಾಖಲೆ ಉಳಿಯುವುದಿಲ್ಲವಾದ್ದರಿಂದ ಈ ತಿಂಗಳಿನಿಂದಲೇ ಅದನ್ನು ಆಕೆಯ ಬ್ಯಾಂಕ್ ಖಾತೆಗೆ ಹಾಕಿ, ಪಾಸ್‌ಬುಕ್ಕಿನಲ್ಲಿ ನಮೂದು ಮಾಡಿಸಿಕೊಳ್ಳಿ.