ಓದುಗರ ಪ್ರಶ್ನೆ: ಹನೋಯ್‌ನ ಮೊದಲ ರಾತ್ರಿ, ಮೊದಲ ಬೆಳಗು

ಪ್ರಶ್ನೆ: ಅಕ್ಕಾ, ನನಗೆ ಇಪ್ಪತ್ತೈದು ವರ್ಷ. ಬರುವ ಚಳಿಗಾಲದಲ್ಲಿ ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬಳೇ ವಿಯೆಟ್ನಾಂಗೆ ಹೊರಟಿದ್ದೇನೆ. ಮೊದಲು ಇಳಿಯುವುದು ಹನೋಯ್‌ನಲ್ಲಿ. ನೀವು ಅಲ್ಲಿಗೆ ಒಬ್ಬರೇ ಹೋಗಿ ಬಂದವರು. ಇಳಿದ ಕೂಡಲೇ ಊರು ಹೇಗೆ ಕಾಣುತ್ತದೆ? ಮೀನು, ಮಾಂಸ ತಿನ್ನದವರ ಗತಿಯೇನು?
ಓದುಗಿ, ಸಿದ್ದಾಪುರ

ಉತ್ತರ: ತಂಗೀ, ಮೊದಲು ಹೆದರಿಕೆಯೇ ಆಗುತ್ತದೆ. ನಾನು ಹೋದದ್ದು 2023ರ ನವೆಂಬರಿನಲ್ಲಿ. ವಿಮಾನ ನಿಲ್ದಾಣದಿಂದ 86ನೇ ನಂಬರಿನ ಬಸ್ಸು ಹತ್ತಿ ಹಳೇಪೇಟೆಯ ಹತ್ತಿರ ಇಳಿದಾಗ ಕತ್ತಲಾಗಿತ್ತು. ಉಳಿಯಬೇಕಾದ ಜಾಗ ರಸ್ತೆಯ ಆಚೆ, ಕಣ್ಣೆದುರಿಗೇ ಇತ್ತು. ಆದರೆ ನಡುವೆ ಸ್ಕೂಟರುಗಳು. ಸಾಲಾಗಿ ಅಲ್ಲ, ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ ತುಂಬಿಕೊಂಡು ಬರುತ್ತಿದ್ದವು. ಹದಿನೈದು ನಿಮಿಷ ಅಲ್ಲೇ ನಿಂತೆ. ಶಿರಸಿಯಿಂದ ಇಷ್ಟು ದೂರ ಬಂದು ಒಂದು ರಸ್ತೆ ದಾಟಲಾಗದೆ ಅಳು ಬಂದುಬಿಟ್ಟಿತು.

ಆಗ ನೆನಪಾದದ್ದು ನಮ್ಮ ತೋಟದ ಸಂಕ. ಮಳೆಗಾಲದಲ್ಲಿ ಹಳ್ಳ ದಾಟಲು ಅಡಿಕೆ ಮರ ಅಡ್ಡ ಹಾಕಿರುತ್ತಾರಲ್ಲ, ಅದರ ಮೇಲೆ ಹೇಗೆ ಹೋಗುತ್ತೀ? ಓಡುವುದಿಲ್ಲ, ನಡುವೆ ನಿಲ್ಲುವುದಿಲ್ಲ, ಹಿಂದೆ ತಿರುಗುವುದಂತೂ ಇಲ್ಲವೇ ಇಲ್ಲ. ಹನೋಯ್‌ನ ರಸ್ತೆಗೂ ಅದೇ ನಡಿಗೆ. ನಿಧಾನಕ್ಕೆ, ಒಂದೇ ಸಮನೆ ಹೆಜ್ಜೆ ಹಾಕಿದರೆ ಸ್ಕೂಟರಿನವರು ನಿನ್ನ ಹೆಜ್ಜೆ ಲೆಕ್ಕ ಹಾಕಿ ಬಳಸಿಕೊಂಡು ಹೋಗುತ್ತಾರೆ. ಗಾಬರಿಯಿಂದ ಹಿಂದೆ ಸರಿದರೆ ಆ ಲೆಕ್ಕ ತಪ್ಪುತ್ತದೆ. ಬಸ್ಸು, ಕಾರು ಬಂದರೆ ಮಾತ್ರ ನಿಂತು ಬಿಟ್ಟುಕೊಡು. ಅವು ಬಳಸಿ ಹೋಗಲಾರವು. ಇನ್ನೊಂದು, ಅಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಓಡುತ್ತವೆ. ನಮ್ಮ ಕಣ್ಣು ಅಭ್ಯಾಸದಿಂದ ಮೊದಲು ಬಲಕ್ಕೆ ಹೊರಳುತ್ತದೆ, ಅಲ್ಲಿ ಮೊದಲು ಎಡಕ್ಕೆ ನೋಡಬೇಕು. ಇದನ್ನು ಇಲ್ಲಿಂದಲೇ ಬಾಯಿಪಾಠ ಮಾಡಿಕೊಂಡು ಹೋಗು. ಸಾಧ್ಯವಾದರೆ ಶುಕ್ರವಾರ ಸಂಜೆ ತಲುಪುವಂತೆ ಟಿಕೆಟ್ ಮಾಡಿಸು. ಆಗಿನಿಂದ ಭಾನುವಾರ ರಾತ್ರಿಯವರೆಗೆ ಹ್ವಾನ್ ಕಿಯೆಮ್ ಕೆರೆಯ ಸುತ್ತಲಿನ ರಸ್ತೆಗಳಿಗೆ ವಾಹನ ಬಿಡುವುದಿಲ್ಲ, ಮಕ್ಕಳು ರಸ್ತೆಯ ನಡುವೆಯೇ ಆಡುತ್ತಿರುತ್ತಾರೆ.

ನನಗೆ ಅದು ಗೊತ್ತಿರಲಿಲ್ಲ. ಆ ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡು, ಈ ಊರು ನನಗಲ್ಲ, ನಾಳೆಯೇ ಬೇರೆ ಕಡೆ ಹೋಗುವುದು ಎಂದು ತೀರ್ಮಾನಿಸಿಬಿಟ್ಟಿದ್ದೆ. ನೀನು ಹಾಗೆ ಮಾಡಬೇಡ. ಬೆಳಿಗ್ಗೆ ಐದಕ್ಕೆ ಎದ್ದು ಆ ಕೆರೆಗೆ ಹೋಗು. ಹಿಂದಿನ ಸಂಜೆ ನನ್ನನ್ನು ಅಳಿಸಿದ ಊರು ಅಲ್ಲಿ ಬೇರೆಯೇ ಆಗಿತ್ತು. ಅರೆಗತ್ತಲಲ್ಲಿ ಅಜ್ಜಿಯರು ಸಾಲಾಗಿ ನಿಂತು ಬೀಸಣಿಗೆ ಹಿಡಿದು ವ್ಯಾಯಾಮ ಮಾಡುತ್ತಿದ್ದರು. ಒಬ್ಬರು ಜರುಗಿ ನನಗೂ ಜಾಗ ಬಿಟ್ಟುಕೊಟ್ಟರು. ಮಾತು ಬರದಿದ್ದರೂ ಅರ್ಧ ಗಂಟೆ ಅವರ ಜೊತೆ ಕೈ ಬೀಸಿದೆ.

ಬರುವ ದಾರಿಯಲ್ಲಿ ಒಬ್ಬಾಕೆ ಫುಟ್‌ಪಾತಿನ ಮೇಲೆ ಒಲೆ ಹೂಡಿದ್ದಳು. ಕುದಿನೀರಿನ ಪಾತ್ರೆಯ ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಿತ್ತು. ಅದರ ಮೇಲೆ ನೀರಾದ ಅಕ್ಕಿಹಿಟ್ಟು ಒಂದು ಸೌಟು ಹೊಯ್ದು, ಸೌಟಿನ ಬೆನ್ನಿನಿಂದ ಸವರಿ, ಮುಚ್ಚಳ ಮುಚ್ಚಿದಳು. ಕ್ಷಣಹೊತ್ತಿಗೆ ಬಿದಿರಿನ ಚಪ್ಪಟೆ ಕಡ್ಡಿಯನ್ನು ಅಡಿಗೆ ತೂರಿಸಿ ಎತ್ತಿದರೆ, ಆಚೆಯ ಬೆಳಕು ಕಾಣುವಂಥ ತೆಳ್ಳನೆಯ ಹಾಳೆ! ಆಲೆಮನೆ ಕಾಲದಲ್ಲಿ ಅಮ್ಮ ಬೋರಲು ಗಡಿಗೆಯ ಮೇಲೆ ಹಿಟ್ಟು ಬಳಿದು ತೊಡೆದೇವು ಎಬ್ಬಿಸುವಾಗ ಹೀಗೇ ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಅಲ್ಲಿ ಗಡಿಗೆಯ ಕಾವು, ಇಲ್ಲಿ ಹಬೆ. ತಿಂಡಿಯ ಹೆಸರು ಬಾನ್ ಕುವಾನ್. ಒಳಗೆ ಸಾಮಾನ್ಯವಾಗಿ ಹಂದಿಮಾಂಸ, ಅಣಬೆ ತುಂಬುತ್ತಾರೆ. ನಾನು ಕೈಸನ್ನೆ ಮಾಡಿದೆ. ಬರೀ ಹಾಳೆ ಸುತ್ತಿ, ಹುರಿದ ಈರುಳ್ಳಿ ಉದುರಿಸಿ ಕೊಟ್ಟಳು. ಊರು ನನಗೆ ಒಲಿದದ್ದು ಅಲ್ಲಿ, ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ.

ಊಟಕ್ಕೆ 'ಚಯ್' ಎಂಬ ಮಾತು ಕಲಿತುಕೊ, ಸಸ್ಯಾಹಾರ ಎಂದು ಅರ್ಥ. ಉಚ್ಚಾರ ಕೈಕೊಡಬಹುದು, ಅವರ ಲಿಪಿಯಲ್ಲಿ ಮೊಬೈಲಿನಲ್ಲಿ ಬರೆದು ತೋರಿಸು. ಹುಣ್ಣಿಮೆ ಮತ್ತು ಚಾಂದ್ರಮಾಸದ ಮೊದಲ ದಿನ ಅಲ್ಲಿನ ಬೌದ್ಧರಲ್ಲೂ ಅನೇಕರು ಚಯ್ ಊಟವನ್ನೇ ಮಾಡುತ್ತಾರೆ. ಬರೀ ಸೊಪ್ಪಿನದೆಂದು ಕಾಣುವ ಸಾರಿನಲ್ಲಿ ಎಲುಬು ಕುದಿಸಿದ ನೀರಿರಬಹುದು, ಪಲ್ಯಕ್ಕೂ ಮೀನಿನ ರಸ ಹಾಕಿರಬಹುದು. ಕೇಳದೆ ತಿನ್ನಬೇಡ. ದುಡ್ಡಿನ ವಿಷಯಕ್ಕೆ ಒಂದೇ ಮಾತು: 20,000 ಡಾಂಗಿನ ನೋಟೂ ನೀಲಿ, 5,00,000 ಡಾಂಗಿನದೂ ನೀಲಿ. ಬೆಲೆಯಲ್ಲಿ ಇಪ್ಪತ್ತೈದು ಪಟ್ಟು ವ್ಯತ್ಯಾಸ. ದೊಡ್ಡದನ್ನು ಬೇರೆ ಜೇಬಿನಲ್ಲಿಡು.

ಹಳೇಪೇಟೆಯಲ್ಲಿ ದಾರಿ ತಪ್ಪಿದರೂ ಚಿಂತೆಯಿಲ್ಲ. ತಗಡಿನವರ ಬೀದಿಗೆ ಸುತ್ತಿಗೆಯ ಸದ್ದೇ ಗುರುತು. ಲಾನ್ ಓಂಗ್ ಬೀದಿ ನಮ್ಮ ಗ್ರಂದಿಗೆ ಅಂಗಡಿಯ ಹಾಗೆ ಬೇರು, ಚಕ್ಕೆಗಳಿಂದ ಘಮಗುಡುತ್ತದೆ.

ಪ್ರಶ್ನೆ: ಮಗಳು ಒಬ್ಬಳೇ ಆ ಕಡೆ ತಿರುಗಲು ಹೊರಟಿದ್ದಾಳೆ. ಬೇಡ ಎನ್ನಲು ಮನಸ್ಸಿಲ್ಲ, ನಿದ್ದೆಯೂ ಬರುವುದಿಲ್ಲ. ತಂದೆಯಾಗಿ ನಾನೇನು ಮಾಡಲಿ?
ಓದುಗರು, ಅಂಕೋಲಾ

ಉತ್ತರ: ಇ-ವೀಸಾದಲ್ಲಿ ಹೆಸರು, ಹುಟ್ಟಿದ ದಿನ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇದೆಯೇ ಎಂದು ಅಕ್ಷರ ಅಕ್ಷರ ಹಿಡಿದು ನೀವೇ ನೋಡಿ. ಒಂದು ಪ್ರತಿ ಮನೆಯಲ್ಲಿರಲಿ. ಫೋನಿಗೆ ದಿನಕ್ಕೊಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ, ನಿಮ್ಮ ರಾತ್ರಿ ಎಂಟೂವರೆ ಅವಳಿಗೆ ಹತ್ತು. ಆ ಹೊತ್ತಿನಲ್ಲಿ ಊಟ ಆಯಿತಾ, ಬಾಗಿಲು ಹಾಕಿಕೊಂಡೆಯಾ ಎನ್ನುವುದರ ಜೊತೆಗೆ ಏನು ನೋಡಿದೆ ಎಂದೂ ಕೇಳಿ.

ನಾನು ಹೋದಾಗ ಮನೆಯಲ್ಲಿ ಅಡಿಕೆಯ ಕೊನೆಕೊಯ್ಲು ಶುರುವಾಗಿತ್ತು. ಅಪ್ಪ ಎರಡು ದಿನ ಫೋನಿಗೇ ಬರಲಿಲ್ಲ. ಮೂರನೆಯ ದಿನ ಬಂದು, "ಅಲ್ಲಿ ಅಡಕೆ ಇದ್ದಾ?" ಎಂದರು. ಇದೆ. ಅಲ್ಲಿಯೂ ಮದುವೆ ಮಾತುಕತೆಗೆ ವೀಳ್ಯದೆಲೆ, ಅಡಿಕೆ ಬೇಕು. ಮಾತು ಶುರುವಾಗುವುದೇ ವೀಳ್ಯದಿಂದ ಎಂಬ ಗಾದೆಯೂ ಅವರಲ್ಲಿದೆ. ಮರುದಿನ ಸಂತೆಗೆ ಹೋಗಿ ಹಸಿರಡಿಕೆಯ ಫೋಟೋ ತೆಗೆದು ಕಳಿಸಿದೆ. ಅಪ್ಪ ಅದನ್ನು ದೊಡ್ಡದು ಮಾಡಿ ನೋಡಿ, ಕೊಯ್ಲಿಗೆ ಬಂದವರಿಗೆಲ್ಲ ತೋರಿಸಿದರಂತೆ. ಆಮೇಲೆ ದಿನವೂ ಎಂಟೂವರೆಗೆ ಅವರದೇ ಫೋನು ಬರುತ್ತಿತ್ತು.