ಮುತ್ತಾತನ ಮೆಡಲ್ಲು, ತಾತನ ಸ್ಟಾರು: ಹಂಚ್ಕೊಳ್ಳೋಕೆ ಮುಂಚೆ ಅಂಚು ನೋಡಿ

ಪ್ರಶ್ನೆ: ನಮ್ದು ಬೇಲೂರು ತಾಲ್ಲೂಕು ಸಾರ್. ಮನೆ ಪಾಲಾಗೋವಾಗ ಹಳೇ ಟ್ರಂಕಲ್ಲಿ ಐದು ಮಿಲ್ಟ್ರಿ ಮೆಡಲ್ ಸಿಕ್ವು. ದುಂಡಗಿನವು ಎರಡು ಮುತ್ತಾತಂದು, ಮೊದಲ್ನೇ ಮಹಾಯುದ್ಧದಲ್ಲಿ ಮೈಸೂರು ಮಹಾರಾಜರ ಕುದುರೆ ಪಡೇಲಿದ್ರಂತೆ. ಇನ್ನು ಮೂರು ಅವರ ಮಗ, ಅಂದ್ರೆ ನಮ್ಮ ತಾತಂದು, ಎರಡು ನಕ್ಷತ್ರ ಒಂದು ದುಂಡಗಿಂದು. ತಾತ ಬರ್ಮಾದಲ್ಲಿ ಜಪಾನಿನವರ ಕೈಗೆ ಸಿಕ್ಕಿ ಸೆರೆಲಿದ್ರು ಅಂತಾರೆ. ಒಂದು ನಕ್ಷತ್ರದ ರಿಬ್ಬನ್ ಹಸಿರು, ನಡುವೆ ಹಳದಿ, ಅಂಚು ಕೆಂಪು. ಹಾಸನದ ಬೆಳ್ಳಿ ಅಂಗಡಿಯವರು ಒಂದು ಅಸಲಿ ಬೆಳ್ಳಿ, ಪಾಲಿಶ್ ಮಾಡ್ಕೊಡ್ತೀನಿ ಅಂದ್ರು. ನಾವು ಮೂರು ಜನ ಅಣ್ಣತಮ್ಮಂದಿರು, ಹಂಚ್ಕೋಬಹುದಾ? ಫಾರಿನ್ನವರೊಬ್ರು ಕೊಳ್ತೀನಿ ಅಂತಾನೂ ಕೇಳ್ತಿದಾರೆ.

ಉತ್ತರ: ಪಾಲಿಶ್ ಬೇಡ. ಇದನ್ನ ಮೊದ್ಲೇ ಹೇಳ್ಬಿಡ್ತೀನಿ, ಇಲ್ಲಾಂದ್ರೆ ನೀವು ಇದನ್ನ ಓದಿ ಮುಗಿಸೋಷ್ಟ್ರಲ್ಲಿ ಮನೇಲಿ ಯಾರಾದ್ರೂ ಹುಣಸೆಹಣ್ಣು ಹಾಕಿ ಫಳಫಳ ಮಾಡಿರ್ತಾರೆ.

ಅಂಗಡಿಯವರು ಹೇಳಿದ್ದು ನಿಜ, ಅದು ಬ್ರಿಟಿಷ್ ವಾರ್ ಮೆಡಲ್, ಸ್ಟರ್ಲಿಂಗ್ ಬೆಳ್ಳಿ, ಅಂದ್ರೆ ನೂರಕ್ಕೆ 92.5 ಪಾಲು. ಒಂದು ಕಡೆ ಐದನೇ ಜಾರ್ಜ್ ದೊರೆ ತಲೆ, ಇನ್ನೊಂದು ಕಡೆ ಬಟ್ಟೆ ಇಲ್ಲದ ಕುದುರೆ ಸವಾರ, 1914 ಮತ್ತೆ 1918 ಅಂತ ಇರುತ್ತೆ. ಜೊತೆಗಿರೋದು ವಿಕ್ಟರಿ ಮೆಡಲ್, ಕಂಚಿಂದು, ರೆಕ್ಕೆ ಇರೋ ಹೆಂಗಸು, ಕಾಮನಬಿಲ್ಲಿನ ರಿಬ್ಬನ್ನು. ಅದರ ಹಿಂದೆ 1914-1919 ಅಂತಿರೋದು ನೋಡಿ ನಕಲಿ ಅನ್ಕೋಬೇಡಿ, ಕದನ ನಿಂತಿದ್ದು 1918ರಲ್ಲಿ, ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದಿದ್ದು 1919ರಲ್ಲಿ.

ಈಗ ಮೆಡಲ್‌ನ ನಾಣ್ಯದ ಥರ ನಿಲ್ಲಿಸಿ, ಬೆಳಕಿಗೆ ಓರೆ ಹಿಡ್ಕೊಂಡು, ಅಂಚನ್ನ ಭೂತಗನ್ನಡೀಲಿ ನೋಡ್ತಾ ತಿರುಗಿಸಿ. ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ನಂಬರು, ದರ್ಜೆ, ಹೆಸರು, ರೆಜಿಮೆಂಟು ಒತ್ತಿರುತ್ತೆ. ಎಲ್ಲಾ ಅಲ್ಲೇ ಇರೋದು, ಪಾಲಿಶ್ ಮಾಡಿದ್ರೆ ಮೊದಲು ಸವೆಯೋದೂ ಅದೇ. ಹೆಸರಿನ ಸ್ಪೆಲ್ಲಿಂಗ್ ವಿಚಿತ್ರವಾಗಿದ್ರೆ ತಲೆ ಕೆಡಿಸ್ಕೋಬೇಡಿ, ನಮ್ಮ ಹೆಸರನ್ನ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರ್ಕೊಳ್ತಿದ್ರು. ಮೈಸೂರು ಐ.ಎಸ್. ಲ್ಯಾನ್ಸರ್ಸ್ (ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್, ಅಂದ್ರೆ ಮಹಾರಾಜರ ಭರ್ಜಿ ಕುದುರೆ ಪಡೆ) ಅಂತ ಕಂಡ್ರೆ ಮನೆಯವರು ಹೇಳಿದ ಕತೆ ಸರಿ.

ಆ ಪಡೆ 1914ರ ಕೊನೇಲೇ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾಯ್ತಿತ್ತು. 1915 ಮುಗಿಯೋದ್ರೊಳಗೆ ರಣರಂಗ ಮುಟ್ಟಿದವರಿಗೆ 1914-15 ಸ್ಟಾರ್ ಅಂತ ಮೂರನೇದೊಂದು ಸಿಗೋದು. ನಿಮ್ಮಲ್ಲಿ ಅದಿಲ್ಲ, ಅಂದ್ರೆ ಒಂದೋ ಕಳ್ದಿದೆ, ಇಲ್ಲಾ ಮುತ್ತಾತ 1916ರ ಮೇಲೆ ಹೋದವರು. 1918ರ ಸೆಪ್ಟೆಂಬರ್ 23ಕ್ಕೆ ಈಗಿನ ಇಸ್ರೇಲಿನ ಹೈಫಾ ಊರನ್ನ ಜೋಧಪುರ ಮತ್ತೆ ಮೈಸೂರು ಲ್ಯಾನ್ಸರ್ಸ್ ಹಿಡಿದ್ರಲ್ಲ, ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳ ಮೇಲೆ ಏರಿ ಹೋಗಿದ್ದು ಮೈಸೂರಿನವರು. ದೆಹಲಿ ತೀನ್ ಮೂರ್ತಿಯ ಮೂರು ಪ್ರತಿಮೇಲಿ ಒಂದು ಮೈಸೂರಿಂದೇ. ಹಾಗಂತ ಇದನ್ನ ಹೈಫಾ ಮೆಡಲ್ ಅಂತ ಯಾರಾದ್ರೂ ಹೊಗಳಿದ್ರೆ ಒಪ್ಕೋಬೇಡಿ, ಆ ಹೆಸರಿನ ಕ್ಲಾಸ್ಪು, ಅಂದ್ರೆ ರಿಬ್ಬನ್ ಮೇಲೆ ಕೂರೋ ಪುಟ್ಟ ಲೋಹದ ಪಟ್ಟಿ, ಇದಕ್ಕಿಲ್ಲ. ಆವತ್ತು ಅವರು ಅಲ್ಲಿದ್ರಾ ಅನ್ನೋದನ್ನ ಕಾಗದ ಹೇಳ್ಬೇಕು, ಮೆಡಲ್ ಹೇಳಲ್ಲ.

ತಾತನ ವಿಷ್ಯ ನಂಗೆ ಇನ್ನೂ ಇಂಟರೆಸ್ಟಿಂಗ್ ಅನ್ಸಿದ್ದು. ನೀವು ಹೇಳಿದ ಹಸಿರು ಹಳದಿ ರಿಬ್ಬನ್ನು ಬರ್ಮಾ ಸ್ಟಾರಿಂದಲ್ಲ, ಪೆಸಿಫಿಕ್ ಸ್ಟಾರಿಂದು, ಹಸಿರು ಕಾಡಿಗೆ ಹಳದಿ ಕಡಲತೀರಕ್ಕೆ ಅಂತ ಲೆಕ್ಕ. ಬರ್ಮಾದ್ದಾಗಿದ್ರೆ ಕಡುನೀಲಿ ಮೇಲೆ ಕೆಂಪು, ಕಿತ್ತಳೆ ಪಟ್ಟಿ ಇರ್ತಿತ್ತು. ನಕ್ಷತ್ರದ ಮೇಲೂ ಹೆಸರಿದೆ, ಓದಿ ನೋಡಿ. ಪೆಸಿಫಿಕ್ ಸ್ಟಾರು, ಜೊತೆಗೆ ಸೆರೆವಾಸದ ಮಾತು, ಇವೆರಡೂ ಸೇರಿದ್ರೆ ನಂಗೆ ಕಾಣೋದು ಮಲಯ, ಸಿಂಗಾಪುರ. ನಮ್ಮ ಕಡೆ ಜಪಾನ್ ಯುದ್ಧ ಅಂದ್ರೆ ಎಲ್ಲಾನೂ ಬರ್ಮಾನೇ ಆಗ್ಬಿಡುತ್ತೆ ಬಿಡಿ. 1942ರ ಫೆಬ್ರವರಿ 15ಕ್ಕೆ ಸಿಂಗಾಪುರ ಬಿದ್ದಾಗ ಫಸ್ಟ್ ಮೈಸೂರು ಇನ್ಫೆಂಟ್ರಿ, ಅಂದ್ರೆ ಸಂಸ್ಥಾನದ ಕಾಲಾಳು ಪಡೆ, ಅಲ್ಲೇ ಇತ್ತು, ಹಾಸನದ ಕಡೆಯವರು ಅಂದ್ಮೇಲೆ ಮೊದಲು ಹುಡುಕ್ಬೇಕಾದ್ದು ಅಲ್ಲೇ. ಆದ್ರೆ ರಿಬ್ಬನ್ ಮೇಲೆ ಬರ್ಮಾ ಅಂತ ಬರೆದಿರೋ ಪುಟ್ಟ ಪಟ್ಟಿ ಇದ್ರೆ ಎರಡೂ ಕಡೆ ಇದ್ರು ಅಂತ ಅರ್ಥ, ಯಾಕಂದ್ರೆ ಒಬ್ರಿಗೇ ಎರಡೂ ಸ್ಟಾರ್ ಕೊಡ್ತಿರ್ಲಿಲ್ಲ.

ಇಲ್ಲಿಗೆ ಹಂಚ್ಕೊಳ್ಳೋ ಪ್ರಶ್ನೆ ಬರುತ್ತೆ. ಎರಡನೇ ಯುದ್ಧದ ಮೆಡಲ್‌ಗಳನ್ನ ಬ್ರಿಟನ್ ಹೆಸರು ಒತ್ತದೇನೇ ಕೊಡ್ತು, ಭಾರತೀಯರಿಗೆ ಬಂದ ಕೆಲವದ್ರ ಮೇಲೆ ಮಾತ್ರ ಹೆಸರು ಕಾಣುತ್ತೆ. ಹೆಸರಿಲ್ಲದ ಸ್ಟಾರು ಒಬ್ಬ ತಮ್ಮನ ಜೊತೆ ಬೆಂಗಳೂರು ಸೇರಿದ್ರೆ, ಮುಂದಿನ ತಲೆಮಾರಿಗೆ ಅದು ಬರೀ ತಾಮ್ರದ ಚೂರು. ಮುತ್ತಾತನ ಹೆಸರಿರೋ ಎರಡು, ತಾತನ ಮೂರು, ಡಿಸ್ಚಾರ್ಜ್ ಸರ್ಟಿಫಿಕೇಟು, ಪೆನ್ಷನ್ ಕಾಗದ, ಮೆಡಲ್ ಬಂದ ಡಬ್ಬಿ, ಎಲ್ಲಾ ಒಟ್ಟಿಗೆ ಇದ್ರೇನೇ ಅದಕ್ಕೆ ಬೆಲೆ, ದುಡ್ಡಿನ ಲೆಕ್ಕದಲ್ಲೂ ಅಷ್ಟೇ. ಹಿರಿಯೋರು ಒಬ್ರು ಇಟ್ಕೊಳ್ಳಿ, ಬೇರೆಯವರಿಗೆ ಎರಡೂ ಬದಿ ಮತ್ತೆ ಅಂಚಿನ ಫೋಟೋ ಕೊಡಿ. ಬೆಳ್ಳಿ ತೂಕಕ್ಕೆ ಮಾತ್ರ ಕೊಡ್ಬೇಡಿ, 1980ರ ಆಸುಪಾಸು ಬೆಳ್ಳಿ ರೇಟು ಏರಿದಾಗ ಇಂಥವು ಎಷ್ಟೋ ಕರಗಿ ಹೋದ್ವು.

ದಾಖಲೆಗೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸಂಸ್ಥಾನದ ಕಡತ ಕೇಳಿ. ಮೈಸೂರು ಇನ್ಫೆಂಟ್ರಿ ಆಮೇಲೆ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯ್ತು, ಅದರ ಸೆಂಟರ್ ನೀಲಗಿರಿಯ ವೆಲ್ಲಿಂಗ್ಟನ್ನಲ್ಲಿದೆ, ತಾತನ ಸರ್ವಿಸ್ ನಂಬರ್ ಹಾಕಿ ಒಂದು ಪತ್ರ ಬರೀರಿ. ನಂಬರ್ ಇಲ್ಲದೆ ಬರೀ ಹೆಸರು ಕೊಟ್ಟು ಹುಡುಕಿ ಅಂದ್ರೆ ಕಷ್ಟ.

ಇಡೋದು ಹೇಗೆ ಅಂದ್ರೆ, ಪಿವಿಸಿ ಪ್ಲಾಸ್ಟಿಕ್ ಕವರು ಬೇಡ, ರಬ್ಬರ್ ಬ್ಯಾಂಡಂತೂ ಹತ್ರಾನೂ ಸುಳಿಬಾರ್ದು, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತೆ. ಆಸಿಡ್ ಇಲ್ಲದ ಕಾಗದದಲ್ಲಿ ಒಂದೊಂದೇ ಸುತ್ತಿ, ಮಳೆಗಾಲದ ಥಂಡಿಗೆ ಸಿಲಿಕಾ ಜೆಲ್ ಹಾಕಿ, ರಿಬ್ಬನ್ ಹರಿದಿದ್ರೂ ಎಸೀಬೇಡಿ.

ಫಾರಿನ್ನವರಿಗೆ ಮಾತ್ರ ಇಲ್ಲ ಅಂದ್ಬಿಡಿ. 100 ವರ್ಷ ದಾಟಿದ ಇಂಥ ಐತಿಹಾಸಿಕ ವಸ್ತು 1972ರ ಪುರಾತನ ವಸ್ತು ಕಾಯ್ದೆಗೆ ಬರುತ್ತೆ, ಖಾಸಗಿಯವರು ಹೊರದೇಶಕ್ಕೆ ಕಳಿಸೋ ಹಾಗಿಲ್ಲ. ಮುತ್ತಾತಂದು ಆ ವಯಸ್ಸಿಗೆ ಬಂದಿರೋವೇ, ಕೊರಿಯರ್ ಮಾಡಿ ಸಾಕು ಅಂತ ಅವರು ಎಷ್ಟೇ ಸಲೀಸಾಗಿ ಹೇಳಿದ್ರೂ ಸಿಕ್ಕಿಹಾಕ್ಕೊಳ್ಳೋರು ನೀವೇ.