ಚಾವಣಿ ಬದಲಿಸುವಾಗ ಪರ್ಮಿಟ್ ಯಾರ ಹೆಸರಲ್ಲಿರಬೇಕು?

ಪ್ರಶ್ನೆ: ಫ್ಲೋರಿಡಾದ ಬ್ರೋವರ್ಡ್ ಕೌಂಟಿಯಲ್ಲಿ 1996ರಲ್ಲಿ ಕಟ್ಟಿದ ಮನೆ ನಮ್ಮದು. ಶಿಂಗಲ್ಸ್ (ಹೆಂಚಿನಂತೆ ಒಂದರ ಮೇಲೊಂದು ಹೊದಿಸುವ ತೆಳು ತುಂಡುಗಳು) ಹಾಕಿದ ಚಾವಣಿ. ಹಳೆಯದಾಯಿತು, ಬದಲಿಸಿ ಅಂತ ಇನ್ಶೂರೆನ್ಸ್‌ನವರು ಹೇಳಿದ್ದಾರೆ. ಒಬ್ಬ ಕಂಟ್ರಾಕ್ಟರ್ ಕಡಿಮೆ ರೇಟು ಹೇಳುತ್ತಿದ್ದಾರೆ, ಆದರೆ ಪರ್ಮಿಟ್ ನಾವೇ ನಮ್ಮ ಹೆಸರಲ್ಲಿ ತೆಗೆಯಬೇಕಂತೆ. ತೆಗೆಯಬಹುದಾ ಸರ್?

ಉತ್ತರ: ಬೇಡ. ಮನೆ ಮಾಲೀಕರು ತಮ್ಮ ಹೆಸರಲ್ಲಿ ಪರ್ಮಿಟ್ ತೆಗೆಯಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿದೆ, ನಿಜ. ಆದರೆ ಅದು ಕೆಲಸವನ್ನು ತಾವೇ ಮಾಡುವವರಿಗೆ ಅಥವಾ ಜೊತೆಗೇ ನಿಂತು ಮಾಡಿಸುವವರಿಗೆ. ಹಾಗೆ ತೆಗೆದರೆ ಕೆಲಸದ ಹೊಣೆಯೆಲ್ಲ ನಿಮ್ಮ ತಲೆ ಮೇಲೆ. ಆಳು ಮೇಲಿಂದ ಬಿದ್ದರೂ ನಿಮ್ಮನ್ನೇ ಕೇಳುತ್ತಾರೆ. ವರ್ಷದೊಳಗೆ ಮನೆ ಮಾರಲು ಹೋದರೆ ಬೇರೆ ತೊಡಕು. ಲೈಸೆನ್ಸ್ ಇರುವ ಕಂಟ್ರಾಕ್ಟರ್ ಈ ಮಾತು ಆಡಬೇಕಾದ ಅಗತ್ಯವೇ ಇಲ್ಲ, ಅಲ್ವಾ? ರಾಜ್ಯಮಟ್ಟದ ರೂಫಿಂಗ್ ಲೈಸೆನ್ಸ್ ನಂಬರು 'ಸಿಸಿಸಿ' ಅಂತ ಶುರುವಾಗುತ್ತದೆ. ಕೇಳಿ ಪಡೆದು, ರಾಜ್ಯದ ಲೈಸೆನ್ಸ್ ಇಲಾಖೆಯ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ.

ಪರ್ಮಿಟ್ ಅಂದರೆ ಸುಮ್ನೆ ಫೀಸು ಕಟ್ಟಿಸಿಕೊಳ್ಳುವ ಕಾಗದ ಅಂದುಕೊಳ್ಳಬೇಡಿ. 1992ರ ಆಗಸ್ಟ್‌ನಲ್ಲಿ ಆಂಡ್ರ್ಯೂ ಚಂಡಮಾರುತ ಬಂದಾಗ ಎಷ್ಟೋ ಮನೆಗಳ ಚಾವಣಿ ಹೊದಿಕೆಯ ಕೆಳಗಿನ ಪ್ಲೈವುಡ್ ಹಲಗೆಯೇ ಹಾರಿಹೋಯಿತು. ಮೊಳೆ ಕಮ್ಮಿ, ಹೊಡೆದ ಕೆಲವು ಕೆಳಗಿನ ಟ್ರಸ್ಸಿಗೆ (ಚಾವಣಿ ಹೊರುವ ಚೌಕಟ್ಟಿಗೆ) ತಾಗಿಯೇ ಇರಲಿಲ್ಲ. ನಿಮ್ಮ ಬ್ರೋವರ್ಡ್ ಮತ್ತು ಮಯಾಮಿ-ಡೇಡ್ ಕೌಂಟಿಗಳಿಗೆ ರಾಜ್ಯದ ಕೋಡ್‌ನಲ್ಲಿ (ಕಟ್ಟಡ ನಿಯಮಾವಳಿಯಲ್ಲಿ) ಪ್ರತ್ಯೇಕ, ಇನ್ನೂ ಬಿಗಿಯಾದ ನಿಯಮ ಇರುವುದು ಇದರಿಂದಲೇ. ಹಾಕುವ ಶಿಂಗಲ್ಸ್‌ಗೆ ಈ ವಲಯಕ್ಕೆಂದೇ ಅನುಮೋದನೆ ಇರಬೇಕು. ಹಳೆಯದನ್ನು ಕಿತ್ತ ಮೇಲೆ ಹಲಗೆಗೆ ಮತ್ತೆ ಮೊಳೆ ಹೊಡೆಯಬೇಕಾಗಬಹುದು, ಮೊಳೆಗಳ ನಡುವಿನ ಅಂತರ 6 ಇಂಚು ಮೀರದಂತೆ. ಇದನ್ನೆಲ್ಲ ಇನ್ಸ್‌ಪೆಕ್ಟರ್ ನೋಡಿ ಸಹಿ ಹಾಕಬೇಕು. ಶಿಂಗಲ್ಸ್ ಕೂತ ಮೇಲೆ ಮೊಳೆ ಯಾರಿಗೆ ಕಾಣುತ್ತದೆ?

ಅರ್ಜಿಯ ಜೊತೆ ಮಾಲೀಕರಿಗೆಂದೇ ಒಂದು ಹಾಳೆ ಇರುತ್ತದೆ. ಒಂದೊಂದು ಅಂಶದ ಪಕ್ಕದಲ್ಲೂ ನೀವು ಇನಿಶಿಯಲ್ ಹಾಕಬೇಕು. ಕಂಟ್ರಾಕ್ಟರ್ 'ಇಲ್ಲಿ ಹಾಕಿ, ಇಲ್ಲಿ ಹಾಕಿ' ಅಂತ ಅವಸರ ಮಾಡಿದರೂ ಓದಿಯೇ ಹಾಕಿ. ಉದಾಹರಣೆಗೆ, ಕೆಳಗಿನಿಂದ ನೋಡಿದರೆ ಹಲಗೆ ಕಾಣುವಂಥ ಸೀಲಿಂಗ್ ನಿಮ್ಮದಾದರೆ ಮೊಳೆಯ ತುದಿಗಳು ಒಳಗೆ ಇಣುಕುತ್ತವೆ. ಅದು ಬೇಡ ಅನ್ನುವ ಹಕ್ಕು ನಿಮಗಿದೆ, ಆದರೆ ಮೊದಲೇ ಹೇಳಬೇಕು.

ಇನ್ನೊಂದು ಕಾಗದ 'ನೋಟಿಸ್ ಆಫ್ ಕಮೆನ್ಸ್‌ಮೆಂಟ್', ಅಂದರೆ ಕೆಲಸ ಶುರುವಾಗುತ್ತಿದೆ ಎಂಬ ಸೂಚನೆ. ಕೆಲಸ 5,000 ಡಾಲರ್ ದಾಟಿದರೆ ಇದನ್ನು ಕೌಂಟಿಯಲ್ಲಿ ದಾಖಲಿಸಬೇಕು. ನೀವು ಪೂರ್ತಿ ದುಡ್ಡು ಕೊಟ್ಟಿದ್ದರೂ ಕಂಟ್ರಾಕ್ಟರ್ ಶಿಂಗಲ್ಸ್ ಅಂಗಡಿಗೆ ಬಾಕಿ ಉಳಿಸಿದರೆ, ಅಂಗಡಿಯವರು ನಿಮ್ಮ ಮನೆಯ ಮೇಲೆ ಲೀನ್ (ಬಾಕಿ ವಸೂಲಿಗಾಗಿ ಆಸ್ತಿಯ ಮೇಲಿನ ಹಕ್ಕು) ಹಾಕಬಹುದು. ಕೊನೆಯ ಕಂತನ್ನು ಲೀನ್ ರಿಲೀಸ್ (ಆ ಹಕ್ಕು ಬಿಟ್ಟುಕೊಟ್ಟ ಪತ್ರ) ಕೈಗೆ ಬಂದು, ಫೈನಲ್ ಇನ್ಸ್‌ಪೆಕ್ಷನ್ ಪಾಸಾದ ಮೇಲೆ ಕೊಡಿ. ಆಮೇಲೆ ಮನೆ ಬಿರುಗಾಳಿಯನ್ನು ಎಷ್ಟು ತಡೆಯುತ್ತದೆ ಎಂದು ನೋಡುವ ವಿಂಡ್ ಮಿಟಿಗೇಶನ್ ತಪಾಸಣೆ ಮಾಡಿಸಿ, ವರದಿಯನ್ನು ಇನ್ಶೂರೆನ್ಸ್‌ಗೆ ಕಳಿಸಿ. ಪ್ರೀಮಿಯಂನಲ್ಲಿ ರಿಯಾಯಿತಿ ಸಿಗಬಹುದು.

ಪ್ರಶ್ನೆ: ನಾವಿರುವುದು ಫ್ಲೋರಿಡಾದ ಟ್ಯಾಂಪಾದಲ್ಲಿ. 2024ರ ಮಿಲ್ಟನ್ ಚಂಡಮಾರುತಕ್ಕೆ ಚಾವಣಿಯ ಮೂರನೇ ಒಂದು ಭಾಗ ಹಾಳಾಗಿದೆ. ಶೇ. 25 ದಾಟಿದರೆ ಪೂರ್ತಿ ಬದಲಿಸಲೇಬೇಕು ಅಂತ ಒಬ್ಬರು ಹೇಳುತ್ತಿದ್ದಾರೆ. ಹೌದಾ? ಚಾವಣಿ 2012ರದ್ದು.

ಉತ್ತರ: ಆ ನಿಯಮ 2022ರಲ್ಲಿ ಸಡಿಲವಾಯಿತು. 2007ರ ಕೋಡ್ ಅಥವಾ ಅದರ ನಂತರದ ಕೋಡ್ ಪ್ರಕಾರ ಹಾಕಿದ ಚಾವಣಿಯಾದರೆ, ರಿಪೇರಿ ಮಾಡುವ ಭಾಗವಷ್ಟೇ ಈಗಿನ ಕೋಡ್‌ಗೆ ಹೊಂದಿದರೆ ಸಾಕು. ನಿಮ್ಮದು 2012ರದ್ದು, ಹಾಗಾಗಿ ಈ ಸಡಿಲಿಕೆ ಸಿಗಬೇಕು. ಆದರೆ ಇಷ್ಟು ದೊಡ್ಡ ರಿಪೇರಿಗೂ ಪರ್ಮಿಟ್ ಬೇಕೇ ಬೇಕು. 2012ರ ಪರ್ಮಿಟ್ ದಾಖಲೆಯನ್ನು ಬಿಲ್ಡಿಂಗ್ ಡಿಪಾರ್ಟ್‌ಮೆಂಟ್‌ನಿಂದ ತೆಗೆಸಿ. 'ಪೂರ್ತಿ ಕಿತ್ತು ಹಾಕಬೇಕು' ಅಂದವರ ಕರಾರಿಗೆ ಸಹಿ ಹಾಕುವ ಮುಂಚೆ ಅದನ್ನು ಅವರ ಮುಂದಿಡಿ.